ಗುಜರಿಯ ಕೀಲಿಮಣೆ, ಗುಡ್ಡದ ಲೆಕ್ಕ

ಪುತ್ತೂರು ತಾಲೂಕಿನ ಕೆದಂಬಾಡಿಯಂಥ ಊರಿಗೆ ಗುಜರಿ ಕೊಳ್ಳುವವರ ವಾಹನ ಬಂದಾಗ ಯಾವ ವಸ್ತು ತಕ್ಕಡಿಗೆ ಏರುತ್ತದೆ, ಯಾವುದು ಅಂಗಳದಲ್ಲಿಯೇ ಉಳಿಯುತ್ತದೆ ಎಂಬುದನ್ನು ಒಮ್ಮೆ ಗಮನಿಸಬೇಕು. ಸುಟ್ಟುಹೋದ ಪಂಪಿನ ತಾಮ್ರದ ಸುರುಳಿಗೆ ಬೆಲೆಯಿದೆ. ತುಕ್ಕು ಹಿಡಿದ ಕಬ್ಬಿಣಕ್ಕೆ, ತೂತುಬಿದ್ದ ಅಲ್ಯೂಮಿನಿಯಂ ಪಾತ್ರೆಗೆ, ಹಳೆಯ ಬ್ಯಾಟರಿಗೆ ಬೆಲೆಯಿದೆ. ಗಣಕಯಂತ್ರದ ಕೀಲಿಮಣೆಗೆ ಮಾತ್ರ ಇಲ್ಲ. ತೂಗಿದರೆ ಅದು ಹೆಚ್ಚಾಗಿ ಪ್ಲಾಸ್ಟಿಕ್ಕು. ಒಡೆದರೆ ಕೈಗೆ ಸಿಗುವ ಲೋಹ ಅತ್ಯಲ್ಪ. ಆದುದರಿಂದ ಅದು ಅಟ್ಟಕ್ಕೆ ಸೇರುತ್ತದೆ, ಅಲ್ಲಿಂದ ಕೆಲವು ಮಳೆಗಾಲಗಳ ಬಳಿಕ ತೋಟದ ಬದಿಯ ಗುಂಡಿಗೆ ಇಳಿಯುತ್ತದೆ, ಇಲ್ಲವೇ ಒಣಗಿದ ಸೋಗೆಯೊಡನೆ ಬೆಂಕಿಗೆ ಬೀಳುತ್ತದೆ. ಆ ಹೊಗೆಯನ್ನು ಉಸಿರಾಡುವವರು ಆ ಮನೆಯವರೇ. ಗುಂಡಿಯ ನೀರು ಇಳಿದು ಸೇರುವುದು ಕುಮಾರಧಾರೆಯನ್ನೋ ಪಯಸ್ವಿನಿಯನ್ನೋ.

ಈ ವಸ್ತುವಿಗೆ ಇನ್ನೊಂದು ದಾರಿಯೂ ಇದೆ. ಹಳೆಯ ಕೀಲಿಮಣೆಗಳ ಬಿಡಿಭಾಗಗಳನ್ನು ಬಿಚ್ಚಿ, ತೊಳೆದು, ಪರೀಕ್ಷಿಸಿ, ಹೊಸದಾಗಿ ಬೆಸೆದು ಸ್ವಂತ ಕೀಲಿಮಣೆಯನ್ನು ಕಟ್ಟಿಕೊಳ್ಳುವ ಕೆಲಸ ಜಗತ್ತಿನ ಹಲವೆಡೆ ಹವ್ಯಾಸವಾಗಿ ಬೆಳೆದಿದೆ. ಮೇಲುನೋಟಕ್ಕೆ ಇದು ಬಿಡುವುಳ್ಳವರ ಚಟದಂತೆ ಕಾಣುತ್ತದೆ. ಆದರೆ ಮಲೆನಾಡಿನ ಹಳ್ಳಿಗಳಿಗೂ ಇಲ್ಲಿನ ವಿದ್ಯಾರ್ಥಿಗಳಿಗೂ ಇದರೊಳಗೆ ಒಂದು ಗಂಭೀರವಾದ ಪಾಠವಿದೆ. ಯಾವ ಯಂತ್ರವನ್ನು ಕೊಳ್ಳಬೇಕು, ಯಾವುದನ್ನು ಕೊಳ್ಳಬಾರದು, ಕೊಂಡುದನ್ನು ಎಷ್ಟು ಕಾಲ ಬಾಳಿಸಬೇಕು ಎಂಬ ಪ್ರಶ್ನೆಗೆ ಅದು ನೇರವಾಗಿ ಸಂಬಂಧಿಸಿದೆ.

ಎರಡು ಬಗೆಯ ಯಂತ್ರಗಳು

ಇಂದು ಅಂಗಡಿಗಳಲ್ಲಿ ಅಗ್ಗವಾಗಿ ದೊರೆಯುವ ಕೀಲಿಮಣೆಯನ್ನು ಬಿಚ್ಚಿದರೆ ಮೂರು ಪ್ಲಾಸ್ಟಿಕ್ ಹಾಳೆಗಳು ಕಾಣುತ್ತವೆ. ಮೇಲಿನ ಹಾಗೂ ಕೆಳಗಿನ ಹಾಳೆಗಳ ಮೇಲೆ ವಿದ್ಯುತ್ತು ಹರಿಯುವ ಗೆರೆಗಳನ್ನು ಮುದ್ರಿಸಿರುತ್ತಾರೆ. ನಡುವಿನ ಹಾಳೆಯಲ್ಲಿ ರಂಧ್ರಗಳಿರುತ್ತವೆ. ಕೀಲಿಯನ್ನು ಒತ್ತಿದಾಗ ರಬ್ಬರಿನ ಗುಬ್ಬಿಯೊಂದು ಕುಸಿದು ಎರಡು ಹಾಳೆಗಳನ್ನು ರಂಧ್ರದ ಮೂಲಕ ಮುಟ್ಟಿಸುತ್ತದೆ. ಇದನ್ನು ಪೊರೆ ಕೀಲಿಮಣೆ ಎನ್ನಬಹುದು. ಘಟ್ಟದ ತಪ್ಪಲಿನ ನಾಲ್ಕು ತಿಂಗಳ ತೇವದಲ್ಲಿ, ಇರುವೆಗಳು ಗೂಡು ಕಟ್ಟುವ ಮನೆಗಳಲ್ಲಿ, ಆ ಮುದ್ರಿತ ಗೆರೆಯೊಂದು ಸವೆದರೆ ಅಥವಾ ಕಿಲುಬು ಹಿಡಿದರೆ ಕೀಲಿಗಳ ಒಂದು ಸಾಲೇ ಸತ್ತುಹೋಗುತ್ತದೆ. ಗೆರೆಯನ್ನು ಬೆಸೆಯಲು ಬಾರದು. ಬಿಸಿ ತಾಗಿದರೆ ಹಾಳೆಯೇ ಕರಗುತ್ತದೆ. ಒಂದು ಗೆರೆಯ ದೋಷಕ್ಕಾಗಿ ನೂರು ಕೀಲಿಗಳ ಯಂತ್ರವನ್ನು ಎಸೆಯುವುದು ಅನಿವಾರ್ಯವಾಗುತ್ತದೆ.

ಇನ್ನೊಂದು ಬಗೆ ಯಾಂತ್ರಿಕ ಕೀಲಿಮಣೆ. ಇದರಲ್ಲಿ ಪ್ರತಿಯೊಂದು ಕೀಲಿಯ ಅಡಿಯಲ್ಲಿಯೂ ಸ್ವತಂತ್ರವಾದ ಒಂದು ಸ್ವಿಚ್ಚು ಇದೆ. ಮೇಲಿನ ಕವಚ, ಕೆಳಗಿನ ಕವಚ, ಜಾರುವ ದಂಡ, ಉಕ್ಕಿನ ಸುರುಳಿ, ಒಂದನ್ನೊಂದು ಮುಟ್ಟುವ ಲೋಹದ ಎಲೆಗಳು: ಇಷ್ಟೇ ಅದರ ಅಂಗಗಳು. ಒಂದು ಕೆಟ್ಟರೆ ಅದೊಂದನ್ನೇ ಕಿತ್ತು ಬೇರೊಂದನ್ನು ಬೆಸೆಯಬಹುದು. ಪೊರೆಯ ಕೀಲಿಯ ಆಯುಷ್ಯವನ್ನು ತಯಾರಕರು ಸಾಮಾನ್ಯವಾಗಿ 50 ಲಕ್ಷದಿಂದ ಒಂದು ಕೋಟಿ ಒತ್ತುಗಳೆಂದು ಹೇಳುತ್ತಾರೆ. 1980ರ ದಶಕದಲ್ಲಿ ಬಂದ ಚೆರ್ರಿ ಕಂಪನಿಯ ಎಂಎಕ್ಸ್ ಸ್ವಿಚ್ಚುಗಳಿಗೆ ಬಹುಕಾಲ ಐದು ಕೋಟಿ ಒತ್ತುಗಳ ಭರವಸೆಯಿತ್ತು. ಐಬಿಎಂ ಕಂಪನಿ 1985ರಲ್ಲಿ ಹೊರತಂದ ಮಾಡೆಲ್ ಎಂ ಎಂಬ ಕೀಲಿಮಣೆ ಎರಡು ಕಿಲೋಗ್ರಾಂಗಿಂತಲೂ ಹೆಚ್ಚು ತೂಗುತ್ತದೆ. ಅದರೊಳಗೂ ಒಂದು ಪೊರೆ ಇದೆಯಾದರೂ ಪ್ರತಿಯೊಂದು ಕೀಲಿಗೂ ಬಾಗುವ ಉಕ್ಕಿನ ಸುರುಳಿ ಇದೆ. ಅದರ ಪ್ಲಾಸ್ಟಿಕ್ ಮೊಳೆಗಳು ಕಾಲಕ್ರಮದಲ್ಲಿ ಮುರಿಯುತ್ತವೆ. ಬಲ್ಲವರು ಅಲ್ಲಿ ತಿರುಪು ಮೊಳೆಗಳನ್ನು ಹಾಕಿ ಮತ್ತೆ ಬಿಗಿಯುತ್ತಾರೆ. ನಲವತ್ತು ವರ್ಷಗಳ ಹಿಂದಿನ ಇಂಥ ಕೀಲಿಮಣೆಗಳು ಇಂದಿಗೂ ದುಡಿಯುತ್ತಿವೆ.

ಇಂಥವು ಅಮೆರಿಕದಲ್ಲಿ ಮಾತ್ರ ಸಿಗುವ ವಸ್ತುಗಳೆಂದು ತಿಳಿಯಬೇಕಾಗಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ, ರೈಲ್ವೆ ಟಿಕೇಟಿನ ಕಿಂಡಿಯಾಚೆ, ಸರಕಾರಿ ಕಚೇರಿಗಳಲ್ಲಿ ಟಕ್ ಟಕ್ ಎಂದು ಕೇಳಿಬರುತ್ತಿದ್ದ ಸದ್ದನ್ನು ಹಲವರು ಬಲ್ಲರು. ಚೆನ್ನೈಯ ಟಿವಿಎಸ್ ಎಲೆಕ್ಟ್ರಾನಿಕ್ಸ್ ಕಂಪನಿಯ ‘ಗೋಲ್ಡ್’ ಎಂಬ ಕೀಲಿಮಣೆಯ ಸದ್ದು ಅದು. ಅದರ ಹಿಂದಿನ ಮಾದರಿಗಳಲ್ಲಿ ಚೆರ್ರಿಯ ನೀಲಿ ಸ್ವಿಚ್ಚುಗಳೇ ಇದ್ದವು. ಕಚೇರಿಗಳು ಗಣಕಯಂತ್ರಗಳನ್ನು ಬದಲಿಸಿದಾಗ ಇಂಥ ಕೀಲಿಮಣೆಗಳು ಪೊರೆಯ ಕೀಲಿಮಣೆಗಳ ರಾಶಿಯಲ್ಲಿಯೇ, ಯಾರೂ ಬೇರ್ಪಡಿಸದೆ, ಹರಾಜಿಗೆ ಹೋಗುತ್ತವೆ. ಕೀಲಿಯ ಟೋಪಿಯನ್ನು ಕಿತ್ತು ನೋಡಿದರೆ ಸಾಕು. ಕೆಳಗೆ ಚೌಕಾಕಾರದ ಸ್ವಿಚ್ಚು, ಅದರ ನಡುವೆ ಕೂಡಿಸುವ ಚಿಹ್ನೆಯಂತಹ ದಂಡ ಕಂಡರೆ ಅದು ಎಸೆಯತಕ್ಕ ವಸ್ತುವಲ್ಲ.

ಕಟ್ಟುವ ಕ್ರಮ

ಕೆಲಸದ ಕ್ರಮ ಕಠಿಣವಲ್ಲ, ತಾಳ್ಮೆ ಬೇಕು. ಮೊದಲು ಟೋಪಿಗಳನ್ನು ತೆಗೆದು ಸಾಬೂನಿನ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿಗಿಟ್ಟರೆ ಎಬಿಎಸ್ ಪ್ಲಾಸ್ಟಿಕ್ಕು ಹಳದಿಗಟ್ಟುತ್ತದೆ. ಬಳಿಕ ಬೆಸುಗೆಯ ಕಡ್ಡಿ ಹಾಗೂ ಬೆಸುಗೆ ಹೀರುವ ಕೊಳವೆಯಿಂದ ಪ್ರತಿಯೊಂದು ಸ್ವಿಚ್ಚಿನ ಎರಡು ಕಾಲುಗಳನ್ನು ಬಿಡಿಸಬೇಕು. ಕಿತ್ತ ಸ್ವಿಚ್ಚನ್ನು ಮಾಪಕಕ್ಕೆ ಹಿಡಿದು ಒತ್ತಿದಾಗ ಸಂಪರ್ಕ ಏರ್ಪಡುತ್ತದೆಯೇ ಎಂದು ಪರೀಕ್ಷಿಸಬೇಕು. ಎರಡು ಮೂರು ಸತ್ತ ಕೀಲಿಮಣೆಗಳಿಂದ ಒಂದಕ್ಕೆ ಬೇಕಾಗುವ ಒಳ್ಳೆಯ ಸ್ವಿಚ್ಚುಗಳು ದೊರೆಯುವುದು ಸಾಧ್ಯ. ಅವುಗಳನ್ನು ನಿಲ್ಲಿಸಲು ಲೋಹದ ಒಂದು ತಗಡು ಬೇಕು. ಸ್ವಿಚ್ಚಿನ ರಂಧ್ರ 14 ಮಿಲಿಮೀಟರಿನ ಚೌಕ. ಒಂದು ಕೀಲಿಯ ನಡುವಿನಿಂದ ಮುಂದಿನದರ ನಡುವಿಗೆ 19.05 ಮಿಲಿಮೀಟರು, ಎಂದರೆ ಮುಕ್ಕಾಲು ಅಂಗುಲ. ಹಳೆಯ ಯಂತ್ರದ ತಗಡನ್ನೇ ಉಳಿಸಿಕೊಂಡರೆ ಈ ಶ್ರಮವೂ ತಪ್ಪುತ್ತದೆ. ಹೊರಚೌಕಟ್ಟಿಗೆ ಹಲಸಿನ ಹಲಗೆಯ ತುಂಡೊಂದು ಸಾಲದೆ?

ತಂತಿ ಜೋಡಿಸುವಲ್ಲಿ ಒಂದು ಜಾಣ್ಮೆಯಿದೆ. ಎಪ್ಪತ್ತು ಕೀಲಿಗಳಿಗೆ ಎಪ್ಪತ್ತು ತಂತಿಗಳನ್ನು ಎಳೆಯುವುದಿಲ್ಲ. ಐದು ಅಡ್ಡಸಾಲು, ಹದಿನಾಲ್ಕು ಕಂಬಸಾಲು ಎಂದು ಜಾಲ ಹೆಣೆದರೆ 19 ತಂತಿಗಳಲ್ಲಿ ಎಪ್ಪತ್ತು ಕೀಲಿಗಳು ಮುಗಿಯುತ್ತವೆ. ತೋಟದಲ್ಲಿ ಇಂತಿಷ್ಟನೆಯ ಸಾಲಿನ ಇಂತಿಷ್ಟನೆಯ ಅಡಿಕೆಮರ ಎಂದು ಗುರುತಿಸಿದಂತೆ, ಸಾಲೂ ಕಂಬವೂ ಕೂಡುವ ಬಿಂದುವೇ ಕೀಲಿಯ ವಿಳಾಸ. ಒಟ್ಟಿಗೆ ಮೂರು ಕೀಲಿಗಳನ್ನು ಒತ್ತಿದಾಗ ಒತ್ತದ ನಾಲ್ಕನೆಯದೂ ಒತ್ತಿದಂತೆ ತೋರುವ ಭ್ರಮೆಯನ್ನು ತಡೆಯಲು ಪ್ರತಿ ಸ್ವಿಚ್ಚಿಗೆ ಒಂದು ಡಯೋಡು ಹಾಕುತ್ತಾರೆ. ಅದು ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹರಿಯಗೊಡುತ್ತದೆ. ಕೆಟ್ಟ ರೇಡಿಯೋಗಳ ಫಲಕಗಳಿಂದಲೂ ತಕ್ಕ ಡಯೋಡುಗಳನ್ನು ಆರಿಸಿಕೊಳ್ಳಬಹುದು. ಹೊಸದಾಗಿ ಕೊಳ್ಳಬೇಕಾದುದು ಬಹುಪಾಲು ಒಂದೇ: ಬೆರಳಗಲದ ನಿಯಂತ್ರಕ ಫಲಕ. ಅದರೊಳಗೆ ಬರೆಯುವ ಕ್ಯೂಎಂಕೆ ಎಂಬ ತಂತ್ರಾಂಶ ಮುಕ್ತವಾದುದು; ಯಾರು ಬೇಕಾದರೂ ಪಡೆಯಬಹುದು, ತಿದ್ದಬಹುದು.

ವಿದ್ಯಾರ್ಥಿಗಳ ಮೊದಲ ಪಾಠಕ್ಕೆ ಕೀಲಿಮಣೆಯೇ ತಕ್ಕುದು ಎನ್ನಲು ಇನ್ನೊಂದು ಕಾರಣವಿದೆ. ಅದರಲ್ಲಿ ಹರಿಯುವುದು ಐದು ವೋಲ್ಟಿನ ವಿದ್ಯುತ್ತು ಮಾತ್ರ. ಹಳೆಯ ದೂರದರ್ಶನದ ಗಾಜಿನ ಕೊಳವೆ, ಗಣಕದ ವಿದ್ಯುತ್ ಪೆಟ್ಟಿಗೆ, ಉಬ್ಬಿದ ಬ್ಯಾಟರಿ ಇವು ಅಪಾಯಕಾರಿ. ಅರಿಯದವರು ಅವನ್ನು ಬಿಚ್ಚಲೇಬಾರದು. ಕೀಲಿಮಣೆಯಲ್ಲಿಯೂ ಎಚ್ಚರ ಬೇಕಾಗುವುದು ಬೆಸುಗೆಯ ವಿಷಯದಲ್ಲಿ. ಹಳೆಯ ಬೆಸುಗೆಯಲ್ಲಿ ಸೀಸವಿದೆ. ಕಿಟಕಿ ತೆರೆದಿಟ್ಟು ಕೆಲಸ ಮಾಡಬೇಕು, ಮುಗಿದ ಮೇಲೆ ಕೈ ತೊಳೆಯಬೇಕು. ಉಳಿದ ಪ್ಲಾಸ್ಟಿಕ್ಕನ್ನು ಎಂದೂ ಸುಡಬಾರದು. ಬೆಂಕಿ ತಡೆಯಲೆಂದು ಹಳೆಯ ಪ್ಲಾಸ್ಟಿಕ್ಕುಗಳಿಗೆ ಸೇರಿಸಿದ ಬ್ರೋಮಿನ್ ಸಂಯುಕ್ತಗಳು ಸುಟ್ಟಾಗ ಘೋರ ವಿಷಗಳಾಗುತ್ತವೆ.

ಯಂತ್ರವನ್ನು ಬದಲಿಸದೆ ಕನ್ನಡ

ಹೀಗೆ ಕಟ್ಟಿದ ಹಳೆಯ ಕೀಲಿಗಳ ಮಣೆಯಲ್ಲಿ ಕನ್ನಡ ಬರೆಯಬಹುದೆ ಎಂಬ ಸಂದೇಹ ಸಹಜ. ಟೋಪಿಗಳ ಮೇಲೆ ಇರುವುದು ಇಂಗ್ಲಿಷ್ ಅಕ್ಷರಗಳಷ್ಟೆ. ಈ ಪ್ರಶ್ನೆಗೆ ಉತ್ತರ ನೀಡಿದವರು ದಕ್ಷಿಣ ಕನ್ನಡದವರೇ ಆದ ಕಿನ್ನಿಕಂಬಳ ಪದ್ಮನಾಭ ರಾವ್, ಎಂದರೆ ನಾಡೋಜ ಕೆ.ಪಿ. ರಾವ್.

ಅವರಿಗಿಂತ ಹಿಂದೆ ಅನಂತ ಸುಬ್ಬರಾಯರು ಕನ್ನಡ ಬೆರಳಚ್ಚು ಯಂತ್ರಕ್ಕೆ ಕೀಲಿಮಣೆಯನ್ನು ರೂಪಿಸಿಕೊಟ್ಟಿದ್ದರು. ಆ ಸಾಧನೆ ಸಣ್ಣದಲ್ಲ. ಆದರೆ ಬೆರಳಚ್ಚು ಯಂತ್ರದಲ್ಲಿ ಅಕ್ಷರವು ಅಚ್ಚಿನ ಮೊಳೆಯಲ್ಲಿ ಕೊರೆದ ಲೋಹದ ರೂಪ. ತಲೆಕಟ್ಟು, ಗುಣಿಸು, ಒತ್ತು ಎಲ್ಲಕ್ಕೂ ಮೊಳೆಗಳಲ್ಲಿ ಜಾಗ ಹುಡುಕಬೇಕು. ಕನ್ನಡಕ್ಕೆ ಒಂದು ಯಂತ್ರ, ಇಂಗ್ಲಿಷಿಗೆ ಇನ್ನೊಂದು ಯಂತ್ರ. ತಾಲೂಕು ಕೇಂದ್ರಗಳ ಬೆರಳಚ್ಚು ಶಾಲೆಗಳಲ್ಲಿ ಎರಡು ಸಾಲು ಯಂತ್ರಗಳು ಬೇಕಾಗುತ್ತಿದ್ದುದು ಇದರಿಂದಲೇ.

ಗಣಕದ ಕೀಲಿಮಣೆಯ ಸ್ವಭಾವ ಬೇರೆ. ಅದು ಕಳುಹಿಸುವುದು ಅಕ್ಷರವನ್ನಲ್ಲ, ಒತ್ತಿದ ಕೀಲಿಯ ಸಂಖ್ಯೆಯನ್ನು ಮಾತ್ರ. ಆ ಸಂಖ್ಯೆಗೆ ಯಾವ ಅಕ್ಷರ ಎಂಬುದು ತೀರ್ಮಾನವಾಗುವುದು ಗಣಕದೊಳಗಿನ ತಂತ್ರಾಂಶದಲ್ಲಿ. ಕೆ.ಪಿ. ರಾಯರು ಈ ಸ್ವಭಾವವನ್ನು ಪೂರ್ಣವಾಗಿ ಬಳಸಿಕೊಂಡರು. ಇಂಗ್ಲಿಷಿನ ಕೆ ಕೀಲಿಯಲ್ಲಿ ಕಕಾರ, ಅದನ್ನೇ ಶಿಫ್ಟ್‌ನೊಡನೆ ಒತ್ತಿದರೆ ಖಕಾರ, ಎಫ್ ಕೀಲಿಯಲ್ಲಿ ವಿರಾಮಚಿಹ್ನೆಯಾದ ಹಲಂತದ ಕೊಂಡಿ. ವ್ಯಂಜನ, ಕೊಂಡಿ, ವ್ಯಂಜನ ಎಂದು ಒತ್ತಿದರೆ ಒತ್ತಕ್ಷರ ತಾನಾಗಿ ಮೂಡುತ್ತದೆ. ಹೊಸ ಮೊಳೆ ಬೇಡ, ಹೊಸ ಟೋಪಿಯೂ ಬೇಡ. ಕರ್ನಾಟಕ ಸರಕಾರವು ಶಿಷ್ಟವೆಂದು ಅಂಗೀಕರಿಸಿದ, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ ಎಲ್ಲರೂ ಬಳಸಿದ ವಿನ್ಯಾಸ ಇದರ ಮೇಲೆಯೇ ನಿಂತಿದೆ. ತಮ್ಮ ತಂತ್ರಾಂಶವೊಂದಕ್ಕೆ ಅವರು ಇದೇ ಸೀಮೆಯ ವಿದ್ವಾಂಸರಾದ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟರು.

ಇದನ್ನು ಭಾಷಾಸೇವೆ ಎಂದು ಕೊಂಡಾಡುವುದು ರೂಢಿ. ಪರಿಸರದ ದೃಷ್ಟಿಯಿಂದಲೂ ಇದನ್ನು ಕಾಣಬೇಕಾಗಿದೆ. ಕನ್ನಡಕ್ಕೆಂದು ಲಕ್ಷಾಂತರ ಪ್ರತ್ಯೇಕ ಕೀಲಿಮಣೆಗಳನ್ನು ತಯಾರಿಸಿ ಮಾರುವ ಅಗತ್ಯವನ್ನೇ ಈ ವಿನ್ಯಾಸ ಇಲ್ಲವಾಗಿಸಿತು. ಇದ್ದ ಯಂತ್ರ ಹಾಗೆಯೇ ಉಳಿಯಿತು, ಅದರ ಅರ್ಥ ಮಾತ್ರ ಬದಲಾಯಿತು. 2024ರ ಸೆಪ್ಟೆಂಬರಿನಲ್ಲಿ ಯುನಿಕೋಡಿನ 16ನೆಯ ಆವೃತ್ತಿ ತುಳು-ತಿಗಳಾರಿ ಲಿಪಿಗೆ ಸ್ಥಾನ ನೀಡಿದೆ. ಆ ಲಿಪಿಯನ್ನು ಬರೆಯಲೂ ಹೊಸ ಯಂತ್ರ ಬೇಕಾಗಿಲ್ಲ. 1990ರಲ್ಲಿ ತಯಾರಾದ ಕೀಲಿಮಣೆಯೂ ಸಾಕು, ತಕ್ಕ ತಂತ್ರಾಂಶ ಹಾಗೂ ಅಕ್ಷರವಿನ್ಯಾಸ ಇದ್ದರಾಯಿತು. ಹಳೆಯದನ್ನು ಬಾಳಿಸುವುದೆಂದರೆ ಹಿಂದೆ ಉಳಿಯುವುದು ಎಂಬ ವಾದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಬೆಟ್ಟಗಳು ತೆತ್ತ ಬೆಲೆ

ಹೊಸ ಕೀಲಿಮಣೆಗೆ ತೆರುವ ಹಣದಲ್ಲಿ ಅದರ ಉಕ್ಕು, ತಾಮ್ರ, ಸಂಪರ್ಕಬಿಂದುಗಳ ಚಿನ್ನ ಎಲ್ಲಿಂದ ಬಂದವು ಎಂಬ ಲೆಕ್ಕ ಸೇರಿರುವುದಿಲ್ಲ. ಆ ಲೆಕ್ಕವನ್ನು ತೆತ್ತವರು ಗುಡ್ಡಗಾಡಿನವರು. ಕುದುರೆಮುಖದ ಕಬ್ಬಿಣದ ಅದಿರನ್ನು ನೀರಿನೊಡನೆ ಕಲಸಿ 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದ ಕಾಲವನ್ನು ಇಲ್ಲಿನ ಹಿರಿಯರು ಬಲ್ಲರು. ಭದ್ರೆಗೆ ಇಳಿದ ಹೂಳು, ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿದ ಕೆಸರು ಅದರ ಉಳಿಕೆ. ಜನರ ದೀರ್ಘ ಹೋರಾಟದ ಬಳಿಕ ಸರ್ವೋಚ್ಚ ನ್ಯಾಯಾಲಯದ 2002ರ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. ಸೈನೈಡ್ ಬೆರೆತ ಮಣ್ಣಿನ ದಿಬ್ಬಗಳು ಊರಿನ ನಡುವೆ ಉಳಿದವು.

ಗಣಿ ಮುಚ್ಚಿದರೂ ಲೋಹದ ಬೇಡಿಕೆ ಮುಚ್ಚಲಿಲ್ಲ. ಅದು ಬೇರೆ ಯಾರದೋ ಬೆಟ್ಟಕ್ಕೆ ಸ್ಥಳಾಂತರವಾಯಿತು. ಕುದುರೆಮುಖವನ್ನು ಉಳಿಸಿಕೊಂಡವರು ಎರಡು ವರ್ಷಕ್ಕೊಮ್ಮೆ ಎಸೆಯುವ ಯಂತ್ರಗಳನ್ನು ಕೊಳ್ಳುತ್ತ ಹೋದರೆ ಆ ಹೋರಾಟ ಅರ್ಧವಾಗಿಯೇ ಉಳಿಯುತ್ತದೆ. ವಿಶ್ವಸಂಸ್ಥೆಯ ಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ಲೆಕ್ಕದಂತೆ 2022ರಲ್ಲಿ ಜಗತ್ತು ಎಸೆದ ವಿದ್ಯುನ್ಮಾನ ತ್ಯಾಜ್ಯ 6.2 ಕೋಟಿ ಟನ್ನು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಸಂದುದು ದಾಖಲೆಯಂತೆ 22.3 ಶೇಕಡಾ ಮಾತ್ರ.

ಆಕ್ಷೇಪಗಳು

ಇಷ್ಟು ದೊಡ್ಡ ರಾಶಿಯ ಮುಂದೆ ಒಂದು ಕೀಲಿಮಣೆ ಎಷ್ಟರದು ಎಂಬ ಆಕ್ಷೇಪ ನ್ಯಾಯವಾದುದೇ. ಕೆದಂಬಾಡಿಯ ಎಲ್ಲ ಮನೆಗಳ ಹಳೆಯ ಕೀಲಿಮಣೆಗಳನ್ನು ಉಳಿಸಿದರೂ ಆ ರಾಶಿ ಕದಲುವುದಿಲ್ಲ. ಹಾಗೆಂದು ಸುಳ್ಳು ಭರವಸೆ ಕೊಡುವುದು ಚಳುವಳಿಗೆ ಶೋಭೆಯಲ್ಲ. ಉಳಿಯುವುದು ಲೋಹಕ್ಕಿಂತ ಹೆಚ್ಚಾಗಿ ತಿಳಿವಳಿಕೆ. ಒಂದು ಯಂತ್ರವನ್ನು ಒಮ್ಮೆ ಬಿಚ್ಚಿ ಕಟ್ಟಿದ ವಿದ್ಯಾರ್ಥಿಯು ಮುಂದಿನದನ್ನು ಕೊಳ್ಳುವಾಗ ಬಣ್ಣವನ್ನು ನೋಡುವುದಿಲ್ಲ; ತಿರುಪು ಮೊಳೆ ಇದೆಯೇ, ಅಂಟು ಹಾಕಿ ಮುಚ್ಚಿದ್ದಾರೆಯೇ ಎಂದು ತಿರುಗಿಸಿ ನೋಡುತ್ತಾನೆ ಅಥವಾ ನೋಡುತ್ತಾಳೆ.

ಎರಡನೆಯ ಆಕ್ಷೇಪ ಇನ್ನೂ ತೀಕ್ಷ್ಣವಾದುದು. ಈ ಹವ್ಯಾಸವೇ ಹಲವೆಡೆ ಕೊಳ್ಳುಬಾಕತನಕ್ಕೆ ಬಲಿಯಾಗಿದೆ. ದೂರದೇಶಗಳಿಂದ ವಿಮಾನದಲ್ಲಿ ತರಿಸಿದ ಅಲ್ಯೂಮಿನಿಯಂ ಪೆಟ್ಟಿಗೆಗಳು, ಋತುವಿಗೊಂದು ಬಣ್ಣದ ಟೋಪಿಗಳು, ಎರಡೇ ಕೈಗಳಿರುವ ಮನುಷ್ಯನ ಕಪಾಟಿನಲ್ಲಿ ಹತ್ತು ಕೀಲಿಮಣೆಗಳು. ಅಪರೂಪದ ಸ್ವಿಚ್ಚುಗಳಿಗಾಗಿ ಸುಸ್ಥಿತಿಯಲ್ಲಿರುವ ಹಳೆಯ ಯಂತ್ರಗಳನ್ನು ಕಿತ್ತು ಉಳಿದುದನ್ನು ಎಸೆಯುವವರೂ ಇದ್ದಾರೆ. ಇದು ಉಳಿಸುವ ಕೆಲಸವಲ್ಲ. ದುಡಿಯುತ್ತಿರುವ ಯಂತ್ರವನ್ನು ಮುಟ್ಟಬಾರದು. ದುರಸ್ತಿಗೆ ಬರುವುದನ್ನು ದುರಸ್ತಿ ಮಾಡಬೇಕು. ಎರಡೂ ಆಗದ ಯಂತ್ರದಿಂದ ಮಾತ್ರ ಭಾಗಗಳನ್ನು ತೆಗೆಯಬೇಕು. ಈ ಕ್ರಮ ತಪ್ಪಿದರೆ ಹಳೆಯದರ ಹೆಸರಿನಲ್ಲಿ ಹೊಸ ಕಸವೇ ಹುಟ್ಟುತ್ತದೆ.

ಆಗಬೇಕಾದುದು

ಕಾನೂನು ಇಲ್ಲವೆಂದಲ್ಲ. ದೇಶದಲ್ಲಿ ಇ-ತ್ಯಾಜ್ಯದ ಮೊದಲ ನಿಯಮಗಳು 2011ರಲ್ಲಿ ಪ್ರಕಟವಾಗಿ 2012ರ ಮೇ 1ರಂದು ಜಾರಿಗೆ ಬಂದವು. 2022ರ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಗಣಕಯಂತ್ರವೂ ಅದರೊಡನೆ ಬರುವ ಕೀಲಿಮಣೆಯಂತಹ ಸಾಧನಗಳೂ ಅದರ ವ್ಯಾಪ್ತಿಯಲ್ಲಿವೆ. ತಯಾರಕರ ಹೊಣೆಯನ್ನು ಅದು ಹೇಳುತ್ತದೆ. 2005ರಲ್ಲಿ ಬೆಂಗಳೂರಿನ ಬಳಿಯ ದಾಬಸ್‌ಪೇಟೆಯಲ್ಲಿ ಇ-ಪರಿಸರ ಎಂಬ ಮರುಬಳಕೆ ಘಟಕ ಆರಂಭವಾದಾಗ ಕರ್ನಾಟಕವು ದೇಶಕ್ಕೆ ದಾರಿ ತೋರಿತ್ತು. ಆದರೆ ಕೀಲಿಮಣೆಯೊಂದನ್ನು ಹಿಡಿದು ಬೆಟ್ಟದ ಹಳ್ಳಿಯವರು ಬೆಂಗಳೂರಿನ ಬಸ್ಸು ಹತ್ತಲಾರರು. ನಿಯಮ ಹಳ್ಳಿಯ ಅಂಗಳದವರೆಗೆ ಬರಬೇಕು.

ಅದಕ್ಕೆ ಕೆಲವು ಕೆಲಸಗಳು ತುರ್ತಾಗಿ ಆಗಬೇಕಾಗಿದೆ. ಗ್ರಾಮಪಂಚಾಯತುಗಳು ಒಣಕಸದೊಡನೆ ವಿದ್ಯುನ್ಮಾನ ಕಸಕ್ಕೂ ವರ್ಷಕ್ಕೆ ಎರಡು ಬಾರಿಯಾದರೂ ಸಂಗ್ರಹದ ದಿನವನ್ನು ಗೊತ್ತುಪಡಿಸಿ, ದುರಸ್ತಿಗೆ ಬಾರದುದನ್ನು ಅಧಿಕೃತ ಮರುಬಳಕೆದಾರರಿಗೆ ಒಪ್ಪಿಸಬೇಕು. ಶಾಲೆ, ಬ್ಯಾಂಕು, ಸಹಕಾರಿ ಸಂಘಗಳು ಹಳೆಯ ಗಣಕಗಳನ್ನು ವಿಲೇವಾರಿ ಮಾಡುವ ಮುನ್ನ ಬಾಳಿಕೆಯ ಕೀಲಿಮಣೆಗಳನ್ನು ಬೇರ್ಪಡಿಸಬೇಕು. ಪುತ್ತೂರು, ಸುಳ್ಯಗಳಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿ ಒಂದು ಮೇಜು, ಒಂದು ಬೆಸುಗೆಯ ಕಡ್ಡಿ, ಒಂದು ಮಾಪಕ ಇದ್ದರೆ ಹಳ್ಳಿಗಳ ಕೆಟ್ಟ ಕೀಲಿಮಣೆಗಳು ವಿದ್ಯಾರ್ಥಿಗಳ ಪಾಠವಾಗುತ್ತವೆ. ಪಂಪಿನ ಸುರುಳಿಯನ್ನು ಮತ್ತೆ ಸುತ್ತುವ ಕುಶಲಕರ್ಮಿಗಳು ಈ ಸೀಮೆಯ ಪ್ರತಿ ಪೇಟೆಯಲ್ಲಿದ್ದಾರೆ. ಅವರನ್ನೂ ಆ ಮೇಜಿಗೆ ಗುರುಗಳಾಗಿ ಕರೆಯಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಸರಕಾರದ ಖರೀದಿ. ಸರಕಾರಿ ಶಾಲೆ, ಕಚೇರಿಗಳಿಗೆ ಸಾವಿರಾರು ಕೀಲಿಮಣೆಗಳನ್ನು ಕೊಳ್ಳುವಾಗ ಅತಿ ಕಡಿಮೆ ಬೆಲೆಯೊಂದೇ ಅಳತೆಗೋಲಾದರೆ ಬರುವುದು ಪೊರೆಯ ಕೀಲಿಮಣೆಯೇ. ತಿರುಪಿನಿಂದ ಬಿಚ್ಚಲು ಬರಬೇಕು, ಬಿಡಿಭಾಗ ಹತ್ತು ವರ್ಷ ದೊರೆಯಬೇಕು, ಒಳರಚನೆಯ ನಕ್ಷೆಯನ್ನು ಬಹಿರಂಗಪಡಿಸಬೇಕು ಎಂಬ ಮೂರು ಷರತ್ತುಗಳನ್ನು ಟೆಂಡರಿನಲ್ಲಿ ಸೇರಿಸಲು ಹೊಸ ಕಾಯಿದೆ ಬೇಕಾಗಿಲ್ಲ. ಕೇಂದ್ರ ಸರಕಾರ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿನ ಜಾಲತಾಣವನ್ನು ಆರಂಭಿಸಿದೆ. ಮಾಹಿತಿ ನೀಡುವುದರಿಂದ ಮುಂದೆ ಹೋಗಿ ಅದು ಬಾಧ್ಯತೆಯಾಗಬೇಕು. ಮುಂದಿನ ಗ್ರಾಮಸಭೆಗಳಲ್ಲಿ ಈ ಬೇಡಿಕೆಗಳನ್ನು ನಿರ್ಣಯವಾಗಿ ದಾಖಲಿಸುವುದು ಹಳ್ಳಿಗರಿಗೆ ಸಾಧ್ಯವಿರುವ ಕೆಲಸ.

ಹಿಂದಿನ ಅಚ್ಚುಕೂಟಗಳಲ್ಲಿ ಸವೆದ ಅಚ್ಚಿನ ಮೊಳೆಗಳನ್ನು ಕರಗಿಸಿ ಮತ್ತೆ ಎರಕ ಹೊಯ್ದು ಹೊಸ ಅಕ್ಷರ ಮಾಡುತ್ತಿದ್ದರು. ಅದೇ ಲೋಹ ಹಲವು ಪುಸ್ತಕಗಳನ್ನು ಮುದ್ರಿಸುತ್ತಿತ್ತು. ಅದನ್ನು ಯಾರೂ ಪರಿಸರ ಪ್ರಜ್ಞೆ ಎಂದು ಕರೆಯಲಿಲ್ಲ. ಅದು ಕಸುಬಿನ ರೀತಿಯಾಗಿತ್ತು. ಅಟ್ಟದಲ್ಲಿರುವ ಕೀಲಿಮಣೆಯನ್ನು ಈ ಮಳೆಗಾಲಕ್ಕೆ ಮೊದಲು ಕೆಳಗಿಳಿಸಿ, ಒಂದು ಟೋಪಿಯನ್ನು ಕಿತ್ತು ನೋಡುವುದರಿಂದ ಆ ರೀತಿಗೆ ಮರಳುವ ಕೆಲಸವನ್ನು ಆರಂಭಿಸಬಹುದು.